‘ರೋಡ್’ ಅಂದ್ರೆ ಎಷ್ಟು ದೂರ? ರೈಲು ನಿಲ್ದಾಣಗಳ ಹೆಸರಿನ ಗೊಂದಲ, ಒಂದು ಕೈಪಿಡಿ

ಅಥಣಿ ಭಾಗದ ಅನಂತಪುರಕ್ಕೆ ಹೊರಟವರು ಟಿಕೆಟ್ ಬುಕ್ ಮಾಡಲು ಊರ ಹೆಸರು ಟೈಪ್ ಮಾಡಿದರೆ ಸಿಗುವುದು ಆಂಧ್ರದ ಅನಂತಪುರ. ನಮ್ಮ ಅನಂತಪುರಕ್ಕೆ ರೈಲೇ ಇಲ್ಲ. ಅಥಣಿ, ನಿಪ್ಪಾಣಿ ಪಟ್ಟಣಗಳಿಗೂ ಇಲ್ಲ. ಈ ಕಡೆಯವರು ರೈಲು ಹತ್ತಿ ಇಳಿಯುವುದು ಶೇಡಬಾಳ, ಉಗಾರ ಖುರ್ದ್, ಕುಡಚಿ ಅಥವಾ ಮಹಾರಾಷ್ಟ್ರದ ಮಿರಜ್‌ನಲ್ಲಿ. ಸ್ಥಳೀಯರಿಗೆ ಇದು ಗೊತ್ತು. ಹೊರಗಿನಿಂದ ಬರುವವರಿಗೆ ಹೇಳೋರು ಯಾರು?

‘ರೋಡ್’ ಎಂಬ ಬಾಲ

ಹೆಸರಿನ ಕೊನೆಗೆ ‘ರೋಡ್’ ಇದ್ದರೆ, ಸಾಮಾನ್ಯವಾಗಿ ನಿಲ್ದಾಣ ಆ ಊರಲ್ಲಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ ಎಂದರ್ಥ. ಚಿಕ್ಕೋಡಿ ರೋಡ್ ಇರುವುದು ಘಟಪ್ರಭಾ–ರಾಯಬಾಗ ನಡುವೆ. ಚಿಕ್ಕೋಡಿ ಪಟ್ಟಣಕ್ಕೆ ಮತ್ತೆ ಬಸ್ಸು ಹಿಡಿಯಬೇಕು. ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ. ಗಾಣಗಾಪುರ ರೋಡ್‌ನಿಂದ ದೇವಸ್ಥಾನ ಸುಮಾರು 20 ಕಿ.ಮೀ. ಎಷ್ಟು ದೂರ ಎಂಬುದನ್ನು ಮಾತ್ರ ಹೆಸರು ಹೇಳುವುದಿಲ್ಲ. ನಡುರಾತ್ರಿ ಇಳಿದವರಿಗೆ ಬೇಕಾದ ಮಾಹಿತಿ ಅದೇ.

ಒಂದೇ ನಗರ, ಹಲವು ನಿಲ್ದಾಣ

ಬೆಂಗಳೂರಿಗೆ ಪರೀಕ್ಷೆ ಬರೆಯಲು, ಇಂಟರ್‌ವ್ಯೂಗೆ ಹೋಗುವವರು ಟಿಕೆಟ್ ಮೇಲೆ ಕೆಎಸ್‌ಆರ್ ಇದೆಯೋ, ಯಶವಂತಪುರವೋ, 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲೋ ನೋಡಿಕೊಳ್ಳಬೇಕು. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ವಾಪಸ್ ಬರುವಾಗ ತಪ್ಪು ನಿಲ್ದಾಣಕ್ಕೆ ಹೋದರೆ ರೈಲು ಹೋಗೇ ಬಿಟ್ಟಿರುತ್ತೆ.

ಹೆಸರು ಹೊಸದು, ಕೋಡ್ ಹಳೆಯದು

2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ, ಕಲಬುರಗಿ ಸೇರಿ ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹುಬ್ಬಳ್ಳಿ ನಿಲ್ದಾಣಕ್ಕೆ 2020ರಲ್ಲಿ ಸಿದ್ಧಾರೂಢ ಸ್ವಾಮೀಜಿ ಹೆಸರು ಬಂತು. ಆದರೂ ಬೆಳಗಾವಿಯ ಕೋಡ್ ಬಿಜಿಎಂ, ಹುಬ್ಬಳ್ಳಿಯದು ಯುಬಿಎಲ್, ಬೆಂಗಳೂರು ಸಿಟಿ ಆಗಿದ್ದ ಕೆಎಸ್‌ಆರ್‌ನದು ಈಗಲೂ ಎಸ್‌ಬಿಸಿ. ಕನ್ನಡದ ಹೆಸರು ಬಂದದ್ದು ಸರಿಯೇ. ಅದರ ಜೊತೆ ಮಾಹಿತಿಯೂ ಬರಬೇಕಿತ್ತು.

ಪ್ರಯಾಣಿಕರು ಮಾಡಬೇಕಾದ್ದು

ಹೆಸರಿನ ಜೊತೆ ಕೋಡ್, ರಾಜ್ಯ ಎರಡನ್ನೂ ನೋಡಿ. ಆಂಧ್ರದ ಅನಂತಪುರದ ಕೋಡ್ ಎಟಿಪಿ. ನಕ್ಷೆಯಲ್ಲಿ ನಿಲ್ದಾಣವನ್ನೇ ಹುಡುಕಿ, ಊರನ್ನಲ್ಲ. ಅನುಮಾನ ಬಂದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ರೈಲ್ವೆ ಮಾಡಬೇಕಾದ್ದು

ಎಚ್ಚರದ ಹೊರೆಯನ್ನೆಲ್ಲ ಪ್ರಯಾಣಿಕರ ತಲೆಗೆ ಕಟ್ಟೋದು ಸರಿಯಲ್ಲ. ಮಿರಜ್‌ನ ಆಸ್ಪತ್ರೆಗೆ ಹೊರಟ ರೋಗಿಗೂ ಮೊದಲ ಸಲ ಊರು ಬಿಟ್ಟ ವಿದ್ಯಾರ್ಥಿಗೂ ಕೋಡ್ ಬಾಯಿಪಾಠ ಇರಲ್ಲ. ‘ರೋಡ್’ ನಿಲ್ದಾಣದ ಟಿಕೆಟ್ ಮೇಲೆ ಮತ್ತು ಫಲಕದಲ್ಲಿ ಊರಿಗೆ ಎಷ್ಟು ಕಿ.ಮೀ. ಅಂತ ಬರೆಯಲಿ. ಹುಡುಕಾಟದಲ್ಲಿ ಹೆಸರಿನ ಮುಂದೆ ಜಿಲ್ಲೆ, ರಾಜ್ಯ ತೋರಿಸಲಿ. ಕೊನೆಯ ಬಸ್ಸಿನ ಸಮಯವನ್ನು ಸಾರಿಗೆ ಸಂಸ್ಥೆಯಿಂದ ಪಡೆದು ನಿಲ್ದಾಣದಲ್ಲಿ ಕನ್ನಡದಲ್ಲಿ ಹಾಕಲಿ. ಇದಕ್ಕೆ ಹೊಸ ಹಳಿ ಬೇಕಿಲ್ಲ, ದೊಡ್ಡ ಬಜೆಟ್ಟೂ ಬೇಕಿಲ್ಲ. ಹೊಸ ರೈಲು ಕೇಳುವ ನಮ್ಮ ಸಂಸದರು ಇದನ್ನೂ ಕೇಳಬೇಕು, ಕೇಳುವಂತೆ ನಾವು ಮಾಡಬೇಕು.