ಏರಿ ಜಿನುಗಿದರೆ ಸುಮ್ಮನಿರಬೇಡಿ

ನಮ್ಮ ಕೊರವಂಗಲದ ಬೂಚೇಶ್ವರ ದೇವಸ್ಥಾನ ಕಟ್ಟಿದ್ದು 1173ರಲ್ಲಿ. ಕಲ್ಲಿನದು, ಇವತ್ತಿಗೂ ನಿಂತಿದೆ. ಮಣ್ಣಿನ ಕೆರೆ ಏರಿ ಹಾಗಲ್ಲ, ವರ್ಷ ವರ್ಷ ನೋಡಿಕೊಳ್ಳಬೇಕು.

ಹಳಬರಿಗೆ ಇದು ಗೊತ್ತಿತ್ತು. ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ. ಅಲ್ಲಿನ 1369ರ ಶಾಸನ ಕೆರೆಯ ಆರು ದೋಷಗಳನ್ನು ಹೇಳುತ್ತದೆ. ಏರಿ ಜಿನುಗುವುದು ಅದರಲ್ಲೊಂದು.

ಜಿನುಗುವ ನೀರು ಕೆಸರಾಗಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಕೋಡಿ ಕಟ್ಟಿಕೊಂಡರೆ ನೀರು ಏರಿ ಹತ್ತುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಚು ಅಣೆಕಟ್ಟೆಯಲ್ಲಿ ಪ್ರವಾಹ ಮಣ್ಣಿನ ಏರಿ ಹತ್ತಿ ಹರಿಯಿತು. ಏರಿ ಒಡೆದು ಮೋರ್ಬಿ ಪಟ್ಟಣ ಮುಳುಗಿತು.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ 10 ಮೀಟರ್‌ಗಿಂತ ತಗ್ಗಿನ ಏರಿಗಳಿಗೆ ಅನ್ವಯಿಸದು. ಅಂಥ ಏರಿ ಕಾಯುವ ಮೊದಲ ಕಣ್ಣು ಊರಿನದೇ. ಮಳೆಗಾಲಕ್ಕೆ ಮುಂಚೆ ಒಮ್ಮೆ ಏರಿ ಮೇಲೆ ನಡೆದು ಬನ್ನಿ.