ಮೈಸೂರಿನ ನಾದಭಂಡಾರ

ಶಿಲ್ಪವೂ ಕಾವ್ಯವೂ ಕರ್ತೃವಿನ ಕಾಲಾನಂತರ ತಮ್ಮ ಬಲದಿಂದಲೇ ನಿಲ್ಲಬಲ್ಲವು. ಬೇಲೂರಿನ ಮದನಿಕೆಯನ್ನು ನೋಡಿ ನಲಿಯುವುದಕ್ಕೆ ಅದನ್ನು ಕಡೆದವನು ಬದುಕಿರಬೇಕಾದುದಿಲ್ಲ. ಕುಮಾರವ್ಯಾಸನನ್ನು ಓದುವುದಕ್ಕೆ ಅವನು ಗದುಗಿನ ಗುಡಿಯಲ್ಲಿ ಕುಳಿತಿರಬೇಕಾದುದೂ ಇಲ್ಲ. ಸಂಗೀತದ ಗತಿ ಹಾಗಲ್ಲ. ಕಂಠದಿಂದ ಹೊರಟ ಸ್ವರವು ಕಿವಿಯನ್ನು ಮುಟ್ಟಿದೊಡನೆಯೇ ಅಳಿದುಹೋಗುತ್ತದೆ. ಈ ನಷ್ಟವನ್ನು ಮನುಷ್ಯನು ಸಾವಿರಾರು ವರ್ಷ ವಿಧಿಯೆಂದೇ ಒಪ್ಪಿಕೊಂಡಿದ್ದನು. 1877ರಲ್ಲಿ ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದನು. ಹತ್ತು ವರ್ಷಗಳ ಮೇಲೆ ಬರ್ಲಿನರನು ಚಪ್ಪಟೆಯಾದ ತಟ್ಟೆಯಲ್ಲಿ ಅದನ್ನು ಕೊರೆಯುವ ಕ್ರಮವನ್ನು ತೋರಿಸಿದನು. ಅಲ್ಲಿಂದ ಮುಂದೆ ನಾದವೂ ಕೂಡಿಡಬಹುದಾದ ವಸ್ತುವಾಯಿತು. ಕೂಡಿಡಬಹುದಾದುದನ್ನು ಕೂಡಿಟ್ಟವರಲ್ಲಿ ನಮ್ಮ ಮೈಸೂರಿನ ಮಹಾರಾಜರೊಬ್ಬರು ಇದ್ದರು. ಅವರ ಸಂಗ್ರಹವು ದೂರದ ಲಂಡನ್ನಿನಲ್ಲಿ ಏನನ್ನು ಸಾಧಿಸಿತೆಂಬುದೇ ಇಂದಿನ ನಮ್ಮ ವಿಷಯ.

ಭಾರತಕ್ಕೆ ಈ ವಿದ್ಯೆ ಬಂದು ಬಹಳ ಕಾಲವಾಗಿದೆ. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬುವನು ಕಲ್ಕತ್ತೆಗೆ ಬಂದು ಅಲ್ಲಿನ ಗಾಯಕಿಯರ ಧ್ವನಿಯನ್ನು ಮುದ್ರಿಸಿಕೊಂಡನು. ಅವರಲ್ಲಿ ಪ್ರಖ್ಯಾತಳಾದವಳು ಗೋಹರ್ ಜಾನ್. ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಸಾರಿ ಹೇಳುವುದು ಆಕೆಯ ತಟ್ಟೆಗಳ ಗುರುತು. ಆಕೆ ಕಡೆಯ ದಿನಗಳಲ್ಲಿ ಮೈಸೂರಿನ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ಕಾಲವಾದಳು. ಆಕೆಯ ವೈಭವವೆಲ್ಲ ಅಷ್ಟರಲ್ಲಿ ಕರಗಿಹೋಗಿತ್ತು. ತಟ್ಟೆಯಲ್ಲಿನ ಕಂಠ ಮಾತ್ರ ಮುಪ್ಪನ್ನು ಅರಿಯದೆ ಉಳಿಯಿತು.

ಆ ತಟ್ಟೆಗಳ ಸ್ವರೂಪವನ್ನು ಕಾಣದವರು ಈಗ ಅನೇಕರಿರಬಹುದು. ಅವುಗಳ ಮುಖ್ಯ ದ್ರವ್ಯ ಅರಗು. ಲೋಕಕ್ಕೆಲ್ಲ ಅದನ್ನು ಹೆಚ್ಚಾಗಿ ಒದಗಿಸುತ್ತಿದ್ದುದು ನಮ್ಮ ದೇಶದ ಕಾಡುಗಳೇ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 3 ನಿಮಿಷ, ಹನ್ನೆರಡಂಗುಲದ್ದರಲ್ಲಿ 4ರಿಂದ 5 ನಿಮಿಷ ಸಂಗೀತ ಹಿಡಿಯುತ್ತಿತ್ತು. ಮಗ್ಗುಲು ಮುಗಿದೊಡನೆ ತಟ್ಟೆಯನ್ನು ತಿರುಗಿಸಬೇಕು, ಉಕ್ಕಿನ ಮುಳ್ಳನ್ನು ಬದಲಾಯಿಸಬೇಕು, ಯಂತ್ರಕ್ಕೆ ಕೀಲಿ ಕೊಡಬೇಕು. ಕೈ ಜಾರಿದರೆ ತಟ್ಟೆ ಚೂರು. ಕಚೇರಿಯಲ್ಲಿ ಗಂಟೆಗಟ್ಟಲೆ ಬೆಳೆಯತಕ್ಕ ರಾಗವನ್ನು ನಮ್ಮ ವಿದ್ವಾಂಸರು ಈ ಮೂರು ನಿಮಿಷದೊಳಕ್ಕೆ ಅಡಗಿಸಬೇಕಾಯಿತು. ಪಾಶ್ಚಾತ್ಯರ ದೀರ್ಘ ಕೃತಿಗಳಾದರೋ ಎಂಟು ಹತ್ತು ಮಗ್ಗುಲುಗಳಾಗಿ ತುಂಡಾಗಿ, ಭಾರವಾದ ಪುಸ್ತಕದಂತಹ ಕಟ್ಟುಗಳಲ್ಲಿ ಬರುತ್ತಿದ್ದವು. ಹೀಗಿದ್ದುದರಿಂದ ಅಂದಿನ ಶ್ರವಣವು ಶ್ರದ್ಧೆಯ ಕೆಲಸವಾಗಿದ್ದಿತು. ಬೇರೆ ಕೆಲಸದ ನಡುವೆ ಕಿವಿಗೆ ಬಿದ್ದು ಹೋಗುವ ಸಂಗೀತವಾಗಿರಲಿಲ್ಲ.

ಶ್ರೀ ಜಯಚಾಮರಾಜೇಂದ್ರ ಒಡೆಯರವರು ಜನಿಸಿದ್ದು 1919ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಪಿಯಾನೋವಿನಲ್ಲಿ ಪರಿಶ್ರಮ ಮಾಡಿ, ಮಹಾವಾದಕನಾದ ರಾಖ್ಮಾನಿನೊವನಲ್ಲಿ ಶಿಷ್ಯತ್ವ ಪಡೆಯಬೇಕೆಂಬ ಹಂಬಲವನ್ನಿಟ್ಟುಕೊಂಡಿದ್ದರು. 1940ರಲ್ಲಿ ತಂದೆಯವರಾದ ಯುವರಾಜರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡುದರಿಂದ ರಾಜ್ಯಭಾರವು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹೆಗಲಿಗೆ ಬಂದಿತು. ಹಂಬಲ ಅಲ್ಲಿಗೆ ನಿಂತಿತು. ಮುಂದೆ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿ ಕರ್ಣಾಟಕ ಸಂಗೀತಕ್ಕೆ ಸೇವೆ ಸಲ್ಲಿಸಿದುದು ನಾಡಿಗೆ ತಿಳಿದ ಸಂಗತಿ. ಪಾಶ್ಚಾತ್ಯ ಸಂಗೀತದ ಮೇಲಿನ ಪ್ರೀತಿಯಾದರೋ ತಟ್ಟೆಗಳ ಸಂಗ್ರಹದಲ್ಲಿ ನೆಲೆ ಕಂಡಿತು. ನುಡಿಸಲಾಗದುದನ್ನು ಕೇಳಿಯಾದರೂ ತಣಿಯಬೇಕಷ್ಟೆ.

ಆ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು. ತಟ್ಟೆಯೊಂದಕ್ಕೆ 8 ನಿಮಿಷವೆಂದಿಟ್ಟುಕೊಂಡು ದಿನಕ್ಕೆ 3 ಗಂಟೆ ಕೇಳಿದರೂ ಮುಗಿಸಲು ಎರಡೂವರೆ ವರ್ಷ ಹಿಡಿದೀತು. ಆದರೆ ಭಂಡಾರದ ಹಿರಿಮೆಯನ್ನು ಎಣಿಕೆಯಿಂದ ಅಳೆಯತಕ್ಕದ್ದಲ್ಲ. ಹಣವಿದ್ದವರು ಯಾರಾದರೂ ಕೊಂಡಾರು. ಇರುವುದೆಲ್ಲವನ್ನೂ ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಇಲ್ಲದಿರುವುದು ಯಾವುದೆಂದು ಗೊತ್ತಾಗುತ್ತದೆ. ಮಹಾರಾಜರಿಗೆ ಹಾಗೆ ಗೊತ್ತಾದ ಕೊರತೆಯ ಹೆಸರು ನಿಕೊಲಾಯ್ ಮೆಟ್ನರ್.

ಮೆಟ್ನರನು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ಪಿಯಾನೋವಾದಕ, ಸ್ವರರಚನಕಾರ, ರಾಖ್ಮಾನಿನೊವನ ಆಪ್ತಮಿತ್ರ. ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶವನ್ನು ಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ಅಲೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದನು. ಹೊಸ ಬಗೆಯ ಸಂಗೀತವು ಯೂರೋಪನ್ನು ಆಳುತ್ತಿದ್ದ ಕಾಲದಲ್ಲಿ ಆತನು ಹಳೆಯ ಸ್ವರಮೈತ್ರಿಯ ಧರ್ಮವನ್ನು ಬಿಡಲೊಲ್ಲದೆ ಹೋದುದರಿಂದ ಕೇಳುವವರು ವಿರಳರಾದರು. ಯುದ್ಧ ಬಂದಿತು, ಹೃದ್ರೋಗವೂ ಬಂದಿತು. ಅದರ ನಡುವೆಯೇ 1943ರಲ್ಲಿ ತನ್ನ ಮೂರನೆಯ ಕನ್ಚೆರ್ಟೋವನ್ನು, ಎಂದರೆ ಪಿಯಾನೋವೂ ದೊಡ್ಡ ವಾದ್ಯಮೇಳವೂ ಸಂವಾದ ನಡೆಸುವ ಬಗೆಯ ಕೃತಿಯನ್ನು, ಪೂರೈಸಿ, ಮರುವರ್ಷ ಲಂಡನ್ನಿನ ಸಭೆಯಲ್ಲಿ ತಾನೇ ನುಡಿಸಿದನು. ಆಗ ಆತನಿಗೆ 64 ವರ್ಷ. ಆತನ ಬೆರಳುಗಳು ನಿಂತುಹೋದರೆ ಆತನ ಕೃತಿಗಳನ್ನು ಆತನೇ ನುಡಿಸಿದ ಬಗೆ ಲೋಕಕ್ಕೆ ಬಹುಮಟ್ಟಿಗೆ ತಪ್ಪಿಹೋಗುತ್ತಿತ್ತು.

ವ್ಯಾಪಾರಸಂಸ್ಥೆಗಳು ತಾವಾಗಿ ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ. ಇದಕ್ಕೊಂದು ದಾರಿಯನ್ನು ಹಿಂದೆಯೇ ತೋರಿಸಿದ್ದವನು ವಾಲ್ಟರ್ ಲೆಗ್ ಎಂಬ ಆಂಗ್ಲೇಯ. ಜನಕ್ಕೆ ಪರಿಚಯವಿಲ್ಲದ ಸಂಗೀತವನ್ನು ಮುದ್ರಿಸಬೇಕಾದರೆ ಮೊದಲು ಚಂದಾದಾರರ ಸಂಘವನ್ನು ಕಟ್ಟಿ, ಹಣವನ್ನು ಮುಂಗಡವಾಗಿ ಕೂಡಿಸಿ, ಆಮೇಲೆ ತಟ್ಟೆ ಮಾಡುವುದು. 1931ರಲ್ಲಿ ಹ್ಯೂಗೋ ವುಲ್ಫನ ಗೀತೆಗಳಿಗಾಗಿ ಹೀಗೆ 500 ಚಂದಾದಾರರನ್ನು ಕೂಡಿಸಿದರು. ಅನಂತರ ಬೀಥೋವನ್ನನ ಪಿಯಾನೋ ಕೃತಿಗಳು ಇದೇ ಕ್ರಮದಿಂದ ಹೊರಬಂದವು. ಮೆಟ್ನರನ ವಿಷಯದಲ್ಲಿ ಐನೂರು ಮಂದಿಯ ಭಾರವನ್ನು ಒಬ್ಬರೇ ಹೊತ್ತರು. ಲೆಗ್ ಮೈಸೂರಿಗೆ ಬಂದು ಮಹಾರಾಜರ ಅತಿಥಿಯಾಗಿದ್ದನು. ಮೂವತ್ತು ತುಂಬದ ಅರಸು, ಅರಮನೆಯಲ್ಲಿ ತಟ್ಟೆಗಳ ಪುಸ್ತಕಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ದೊಡ್ಡ ದೊಡ್ಡ ಪಿಯಾನೋಗಳು ಇವನ್ನೆಲ್ಲ ಆತನು ವಿಸ್ಮಯದಿಂದ ಬಣ್ಣಿಸಿದ್ದಾನೆ. 1945ರಲ್ಲಿ ತಾನು ಸ್ಥಾಪಿಸಿದ ಫಿಲ್ಹಾರ್ಮೋನಿಯ ವಾದ್ಯಮೇಳಕ್ಕೂ ಮಹಾರಾಜರು ಮೂರು ವರ್ಷ ಧನಸಹಾಯಕ್ಕೆ ಒಪ್ಪಿದರೆಂದು ಬರೆದಿದ್ದಾನೆ.

1947ರಲ್ಲಿ ಅದೇ ಮೇಳದೊಡನೆ ಮೆಟ್ನರನು ತನ್ನ ಮೂರು ಕನ್ಚೆರ್ಟೋಗಳನ್ನೂ ತಟ್ಟೆಗೆ ನುಡಿಸಿದನು. ಗೀತೆಗಳೂ ಬಿಡಿ ಪಿಯಾನೋ ಕೃತಿಗಳೂ ಜೊತೆಗೂಡಿದವು. ಮೆಟ್ನರ್ ಸಂಘದ ಹೆಸರಿನಲ್ಲಿ ಇವು ಹೊರಬಂದುವು. ಮೂರನೆಯ ಕನ್ಚೆರ್ಟೋವನ್ನು ಆತನು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದನು. 1951ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ನಾಲ್ಕು ವರ್ಷ ತಡವಾಗಿದ್ದರೆ ಕೆಲಸ ಕೈಗೂಡುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಡಬಾರದು. 1947ನೆಯ ಇಸವಿಯೆಂದರೆ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿದು ಹೋರಾಡಿದ ವರ್ಷ. ಅರಸರ ಧನದ ಮೂಲ ಪ್ರಜೆಗಳ ಬೆವರೇ ಅಲ್ಲವೆ, ಅದು ಪರದೇಶದ ಪಿಯಾನೋವಿಗೆ ಸಲ್ಲಬಹುದೆ ಎಂದು ಕೇಳಿದರೆ, ಕೇಳಿದವರು ಅರಸಿಕರೆಂದು ತಳ್ಳಿಹಾಕುವಂತಿಲ್ಲ. ಮೂರು ನಿಮಿಷದ ಸೆರೆಯಲ್ಲಿದ್ದ ನಮ್ಮ ವಿದ್ವಾಂಸರ ರಾಗಾಲಾಪನೆಗೂ ಇಷ್ಟೇ ವಿಸ್ತಾರವಾದ ಅವಕಾಶವನ್ನು ಯಾರಾದರೂ ಕಲ್ಪಿಸಿದ್ದರೆ ಎಂಬ ಕೊರಗು ನಮಗೂ ಉಂಟು. ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಒಂದು ಮಾತು ಉಳಿಯುತ್ತದೆ: ಅರಸರ ವೆಚ್ಚಗಳಲ್ಲಿ ಬೇಟೆ, ಬಿಡಾರ, ಮೋಟಾರುಗಳಿಗೆ ಹೋದುದು ಹೋಗಿಯೇ ಹೋಯಿತು, ಈ ವೆಚ್ಚದ ಫಲವನ್ನು ಲೋಕವು ಇನ್ನೂ ಉಣ್ಣುತ್ತಿದೆ.

ಇನ್ನೊಂದು ಪ್ರಸಂಗವೂ ಇದೇ ಜಾತಿಯದು. ಜರ್ಮನಿಯ ರಿಚರ್ಡ್ ಸ್ಟ್ರೌಸನು 1948ರಲ್ಲಿ, ಎಂಬತ್ತನ್ನು ದಾಟಿದ ಮೇಲೆ, ನಾಲ್ಕು ಗೀತೆಗಳನ್ನು ರಚಿಸಿ, ಅವನ್ನು ಸಭೆಯಲ್ಲಿ ಕೇಳುವ ಮೊದಲೇ ಮರುವರ್ಷ ಕಣ್ಮುಚ್ಚಿದನು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಸಭಾಂಗಣದಲ್ಲಿ ಅವುಗಳ ಪ್ರಥಮ ಗಾಯನ ನಡೆಯಿತು. ಹಾಡಿದಾಕೆ ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ಮೇಳವನ್ನು ನಡೆಸಿದಾತ ಫುರ್ಟ್‌ವೆಂಗ್ಲರ್. ಆ ಸಭೆಗೆ 4,800 ಡಾಲರುಗಳ ಭರವಸೆಯನ್ನು ಕೊಟ್ಟವರು, ಅಷ್ಟರಲ್ಲಿ ಮೈಸೂರಿನ ರಾಜಪ್ರಮುಖರಾಗಿದ್ದ ನಮ್ಮ ಸಂಗ್ರಾಹಕರೇ. ತಾವು ಹೋಗಿ ಕೇಳಲಾಗದುದರಿಂದ ಅದನ್ನು ಮುದ್ರಿಸಿ ಮೈಸೂರಿಗೆ ತರಿಸಿಕೊಂಡರು. ಆ ಮುದ್ರಣ ಇಂದಿಗೂ ಕೇಳಸಿಗುತ್ತದೆ. ಸದ್ದು ಸವೆದಿದೆ, ಗರಗರವೆನ್ನುತ್ತದೆ; ಆದರೂ ಅದರ ಹಿಂದೆ ಆ ಮಹಾಕಂಠ ಸ್ಪಷ್ಟವಾಗಿಯೇ ಇದೆ.

ಒಡೆಯರವರು 1974ರಲ್ಲಿ ಸ್ವರ್ಗಸ್ಥರಾದರು. ಅರಗಿನ ತಟ್ಟೆಗಳ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. 1948ರಲ್ಲಿ ಅಮೆರಿಕದಲ್ಲಿ ಹುಟ್ಟಿದ ದೀರ್ಘವಾದನದ ತಟ್ಟೆಯು ಅದನ್ನು ಮೂಲೆಗೆ ಸೇರಿಸಿತು. ಅನಂತರ ಫೀತೆ ಬಂದಿತು, ಬೆಳಕಿನಿಂದ ಓದುವ ತಟ್ಟೆ ಬಂದಿತು, ಈಗ ತಟ್ಟೆಯೇ ಇಲ್ಲದ ಸಂಗೀತವೂ ಬಂದಿದೆ. ಇಪ್ಪತ್ತು ಸಾವಿರ ತಟ್ಟೆಗಳಿಗೂ ಮಿಗಿಲಾದ ಭಂಡಾರ ಇಂದು ಬಡವನ ಅಂಗೈಯಲ್ಲಿ ಸಿಕ್ಕೀತು. ಕೂಡಿಡುವ ಕಷ್ಟ ಕಳೆಯಿತು; ಕೇಳುವ ಕಷ್ಟ ಕಳೆದಿಲ್ಲ, ಕಳೆಯಲೂ ಬಾರದು. ಕೇಳಿ ಕೇಳಿ ಪಳಗಿದ ಕಿವಿಗೇ ಇಲ್ಲದ ಸ್ವರದ ಕೊರತೆ ತಿಳಿಯುವುದು. ಮನೆಯ ಹಿರಿಯರ ಸೋಬಾನೆ, ಊರ ಗುಡಿಯ ನಾಗಸ್ವರದವರ ರಾಗ, ಗುರುಗಳ ಮನೆಯ ಪಾಠ ಇವುಗಳಲ್ಲಿ ಯಾವುದು ಇನ್ನೂ ಮುದ್ರಣವಾಗಿಲ್ಲವೆಂದು ನಾವೂ ಒಮ್ಮೆ ಎಣಿಸಿ ನೋಡೋಣ. ಅದಕ್ಕೆ ಅರಸರ ಬೊಕ್ಕಸ ಬೇಕಾಗಿಲ್ಲ. ಅವರ ಶ್ರದ್ಧೆಯಿದ್ದರೆ ಸಾಕು.