ಮೈಸೂರು ಯುದ್ಧಗಳ ಚರಿತ್ರೆ: ಬರೆದವರು ಯಾರು, ಬರೆದದ್ದು ಹೇಗೆ?

ಈಸ್ಟ್ ಇಂಡಿಯಾ ಕಂಪನಿಗೂ ಮೈಸೂರಿಗೂ 1767ರಿಂದ 1799ರವರೆಗೆ ನಾಲ್ಕು ಯುದ್ಧಗಳಾದವು. ಯುದ್ಧಗಳು 32 ವರ್ಷಗಳಲ್ಲಿ ಮುಗಿದವು. ಅವುಗಳ ಚರಿತ್ರೆಯ ಬಗೆಗಿನ ವಾದ ಎರಡು ಶತಮಾನ ಕಳೆದರೂ ಮುಗಿದಿಲ್ಲ.

ಮೊದಲು ಬರೆದವರು ಗೆದ್ದವರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಆ ದಂಡಿನಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ ಯುದ್ಧದ ಕಥನವನ್ನು ಅಚ್ಚು ಹಾಕಿಸಿದ. ಟಿಪ್ಪುವಿನ ಪತ್ರಗಳಲ್ಲಿ ಕೆಲವನ್ನು ಆರಿಸಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810-17ರ ನಡುವೆ ಮೂರು ಸಂಪುಟಗಳನ್ನು ಪ್ರಕಟಿಸಿದ. ವಿಲ್ಕ್ಸ್ ಸ್ಥಳೀಯ ಬರಹಗಳನ್ನೂ ಶ್ರದ್ಧೆಯಿಂದ ನೋಡಿದವನು. ಆದರೆ ಈ ಮೂವರೂ ಕಂಪನಿಯ ನೌಕರರು. ಟಿಪ್ಪು ಕ್ರೂರಿ, ಆದ್ದರಿಂದ ದಂಡಯಾತ್ರೆ ನ್ಯಾಯವಾದದ್ದು ಎಂಬುದು ಅವರ ತೀರ್ಮಾನ. ಹೈದರ್, ಟಿಪ್ಪು ಇಬ್ಬರ ಆಳ್ವಿಕೆಯನ್ನೂ ಕಂಡ ಕಿರ್ಮಾನಿ ಪರ್ಷಿಯನ್‌ನಲ್ಲಿ ಬರೆದ 'ನಿಶಾನ್-ಎ-ಹೈದರಿ' ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು 1842ರ ನಂತರ.

ಉತ್ತರ ಬಂದದ್ದು 20ನೇ ಶತಮಾನದಲ್ಲಿ. ಎನ್.ಕೆ. ಸಿನ್ಹಾ ಹೈದರನ ಬಗ್ಗೆ ಬರೆದರು, ಸಿ. ಹಯವದನ ರಾವ್ 1943-46ರಲ್ಲಿ ಮೈಸೂರಿನ ಬೃಹತ್ ಇತಿಹಾಸವನ್ನು ಕಟ್ಟಿಕೊಟ್ಟರು. 1951ರಲ್ಲಿ ಮೊಹಿಬ್ಬುಲ್ ಹಸನ್ ಪರ್ಷಿಯನ್ ಆಕರಗಳನ್ನು ಮುಂದಿಟ್ಟು ಟಿಪ್ಪುವಿನ ಚರಿತ್ರೆಯನ್ನು ಮರುಪರಿಶೀಲಿಸಿದರು. ಬಿ. ಶೇಕ್ ಅಲಿ ಅವರು ಹೈದರನಿಗೂ ಬ್ರಿಟಿಷರಿಗೂ ಇದ್ದ ಸಂಬಂಧವನ್ನು ಬಿಡಿಸಿ ನೋಡಿದರು. ಚರ್ಚೆ ಅರಸನ ಗುಣಾವಗುಣದಿಂದ ರಾಜಕಾರಣಕ್ಕೆ ಹೊರಳಿತು. 1780ರಲ್ಲಿ ಹೈದರನ ಜೊತೆ ಕೂಡಿದ್ದ ಮರಾಠರು, ನಿಜಾಮ 1790ರಲ್ಲಿ ಕಂಪನಿಯ ಕಡೆ ನಿಂತದ್ದೇಕೆ ಎಂಬಂಥ ಪ್ರಶ್ನೆಗಳು ಮುಖ್ಯವಾದವು.

ಇತ್ತೀಚಿನ ಬರವಣಿಗೆಯಲ್ಲಿ ದಂಡಿನ ಹೊಟ್ಟೆಪಾಡಿಗೂ ಜಾಗ ಸಿಕ್ಕಿದೆ. 1791ರ ಮೇ ತಿಂಗಳನ್ನೇ ನೋಡಿ. ಕಂಪನಿಯ ದಂಡನಾಯಕ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಕದನ ಗೆದ್ದ. ಆದರೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ, ಮೇವಿನ ಕೊರತೆ, ರೋಗದಿಂದ ಎತ್ತುಗಳು ಸತ್ತವು. ಎಳೆಯಲು ಎತ್ತಿಲ್ಲದ ಭಾರಿ ಫಿರಂಗಿಗಳನ್ನು ಕಂಪನಿಯವರೇ ನಾಶ ಮಾಡಿ ಹಿಂದಿರುಗಿದರು. ಮುಂದಿನ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದಾಗ ಲಂಬಾಣಿಗಳ ಹೇರೆತ್ತುಗಳು ದಂಡಿಗೆ ಧಾನ್ಯ ಹೊತ್ತು ತಂದವು. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಲು ಒಪ್ಪಬೇಕಾಯಿತು. ಕದನದ ನಕ್ಷೆ ಮಾತ್ರ ನೋಡಿದವರಿಗೆ ಈ ಎತ್ತುಗಳು ಕಾಣುವುದಿಲ್ಲ.

ನೆಲವೂ ಸಾಕ್ಷಿ ಹೇಳುತ್ತಿದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಮೈಸೂರಿನ ರಾಕೆಟ್ಟುಗಳ ಬಗ್ಗೆ ಬ್ರಿಟಿಷರು ಬರೆದದ್ದನ್ನು ಈಗ ಲೋಹವನ್ನೇ ಪರೀಕ್ಷಿಸಿ ಒರೆಗೆ ಹಚ್ಚಬಹುದು.

ಆದರೆ ನಮ್ಮ ಸಾರ್ವಜನಿಕ ಚರ್ಚೆ ಇನ್ನೂ ವೀರನೋ ಖಳನೋ ಎಂಬಲ್ಲೇ ನಿಂತಿದೆ. ಟಿಪ್ಪುವನ್ನು ಹಾಡಿದ ಲಾವಣಿಗಳೂ ನಿಜ, ಕೊಡಗಿನವರ, ಕರಾವಳಿ ಕ್ರೈಸ್ತರ ನೋವಿನ ನೆನಪುಗಳೂ ನಿಜ. ಒಂದನ್ನು ಮುಚ್ಚಿ ಇನ್ನೊಂದನ್ನು ಬರೆದರೆ ಅದು ಚರಿತ್ರೆಯಾಗುವುದಿಲ್ಲ. ಪರ್ಷಿಯನ್, ಮೋಡಿ ಲಿಪಿಯ ಮರಾಠಿ, ಫ್ರೆಂಚ್ ದಾಖಲೆಗಳನ್ನು ಓದಬಲ್ಲ ತರುಣರನ್ನು ನಮ್ಮ ವಿಶ್ವವಿದ್ಯಾಲಯಗಳು ತಯಾರು ಮಾಡಲಿ, ಆ ದಾಖಲೆಗಳು ಕನ್ನಡಕ್ಕೆ ಬರಲಿ. ಈ ಕೆಲಸವನ್ನು ಇನ್ನು ಮುಂದೂಡಬಾರದು.